ಸತ್ಯಾಂಶ: ಸರೋವರದ ನಡುವೆಯೂ ಗಡಿಯಿದೆ

ಅಮೆರಿಕ ಮತ್ತು ಕೆನಡಾದ ನಡುವಿನ ಮಹಾ ಸರೋವರಗಳ ಮಧ್ಯಭಾಗ ಯಾವ ದೇಶಕ್ಕೂ ಸೇರಿಲ್ಲ, ಆದ್ದರಿಂದ ಸ್ವಂತ ದೋಣಿಯಲ್ಲಿ ವೀಸಾ ಇಲ್ಲದೆ ಆಚೆ ದಡ ಸೇರಬಹುದು ಎಂಬ ಸಂದೇಶ ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೂ ಬರುತ್ತಿರುತ್ತದೆ. ಇದು ತಪ್ಪು.

ಸುಪೀರಿಯರ್, ಹ್ಯೂರಾನ್, ಈರಿ, ಒಂಟಾರಿಯೊ ಸರೋವರಗಳ ನೀರಿನ ಮೇಲೆಯೇ ಎರಡೂ ದೇಶಗಳ ಗಡಿರೇಖೆ ಹಾದುಹೋಗುತ್ತದೆ. ಮಿಷಿಗನ್ ಸರೋವರವಂತೂ ಪೂರ್ತಿ ಅಮೆರಿಕದೊಳಗಿದೆ. ಅಮೆರಿಕ ಮತ್ತು ಬ್ರಿಟನ್ ನಡುವಿನ 1783ರ ಪ್ಯಾರಿಸ್ ಒಪ್ಪಂದವೇ ಗಡಿಯನ್ನು ಮೊದಲು ಹೇಳಿದ ನಾಲ್ಕು ಸರೋವರಗಳ ಮೂಲಕ ಎಳೆದಿತ್ತು. ಹೀಗಾಗಿ ಯಾರಿಗೂ ಸೇರದ ನೀರು ಅಲ್ಲಿ ಉಳಿದಿಲ್ಲ. ಒಹಾಯೊ ತೀರದಿಂದ ಹೊರಟು ಈರಿ ಸರೋವರದ ಪೀಲಿ ದ್ವೀಪದಲ್ಲಿ ಇಳಿದವರು ಕೆನಡಾದ ನೆಲದಲ್ಲಿ ಇಳಿದಂತೆಯೇ. ದೋಣಿ ಎಷ್ಟೇ ಚಿಕ್ಕದಿರಲಿ, ಆಗಮನವನ್ನು ಗಡಿ ಅಧಿಕಾರಿಗಳಿಗೆ ತಿಳಿಸಲೇಬೇಕು, ಭಾರತೀಯ ಪಾಸ್‌ಪೋರ್ಟ್ ಉಳ್ಳ ಪ್ರವಾಸಿಗರಿಗೆ ಸಾಮಾನ್ಯವಾಗಿ ವೀಸಾ ಕೂಡ ಬೇಕು.

ಗೊಂದಲಕ್ಕೆ ಒಂದು ಕಾರಣವಿದ್ದೀತು. ಕೆನಡಾದ ನೀರಿಗೆ ಬಂದು, ದಡ ಸೇರದೆ, ಲಂಗರು ಹಾಕದೆ, ಬೇರೆ ದೋಣಿಯ ಸಂಪರ್ಕವಿಲ್ಲದೆ ಮರಳುವವರಿಗೆ ವರದಿಯಿಂದ ವಿನಾಯಿತಿ ಇದೆ. ಮೀನು ಹಿಡಿಯುವವರಿಗೆ ನೆರವಾಗುವ ಈ ಸಣ್ಣ ವಿನಾಯಿತಿ ಕೈಯಿಂದ ಕೈಗೆ ದಾಟುತ್ತ ಹಿಗ್ಗಿರಬಹುದು. ಹಂಚಿದವರು ಒಳ್ಳೆಯ ಉದ್ದೇಶದಿಂದಲೇ ಹಂಚಿರುತ್ತಾರೆ.

ಪರಿಶೀಲನೆ ಕಷ್ಟವಲ್ಲ. ನೌಕಾಯಾನದ ನಕ್ಷೆಯಲ್ಲಿ ಗಡಿರೇಖೆ ಸ್ಪಷ್ಟವಾಗಿ ಕಾಣುತ್ತದೆ. ನಿಯಮವನ್ನು ಎರಡೂ ದೇಶಗಳ ಸರ್ಕಾರಿ ಜಾಲತಾಣಗಳಲ್ಲಿಯೇ ಓದಬೇಕು, ಪುಟವನ್ನು ಯಾವಾಗ ಪರಿಷ್ಕರಿಸಲಾಗಿದೆಯೆಂದೂ ನೋಡಬೇಕು. ದಿನಾಂಕವಾಗಲಿ ಮೂಲವಾಗಲಿ ಇಲ್ಲದ ಸಂದೇಶವನ್ನು ನಂಬಿ ದೋಣಿ ಹತ್ತಿದರೆ ದಂಡ, ದೋಣಿಯ ಜಪ್ತಿ, ಮುಂದಿನ ವೀಸಾ ಅರ್ಜಿಗೆ ತೊಡಕು ಎದುರಾಗಬಹುದು.