ಲಾಕರ್ ಒಡವೆ ಕಳುವಾದರೆ ಬ್ಯಾಂಕ್ ಏನೂ ಕೊಡಲ್ವಾ?

‘ಲಾಕರ್ ದೋಚಿದರೂ ಬ್ಯಾಂಕಿಗೆ ಹೊಣೆಯಿಲ್ಲ, ಒಡವೆ ಮನೆಯ ಬೀರುವಿನಲ್ಲೇ ಇರಲಿ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಬೀಗ ಹಾಕಿದ ಮನೆಗೆ ನುಗ್ಗಿದ ಕಳ್ಳ ಮೊದಲು ಹುಡುಕುವುದೇ ಬೀರು, ಅಲ್ವಾ?

ರಿಸರ್ವ್ ಬ್ಯಾಂಕಿನ ಹೊಸ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಕಳ್ಳತನ, ದರೋಡೆ, ಬೆಂಕಿ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ, ಇವುಗಳಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ. ಈಗಿನ ಚಿನ್ನದ ದರಕ್ಕೆ ಅದು ಜಾಸ್ತಿಯೇನಲ್ಲ, ಒಪ್ಪುತ್ತೇನೆ. ಆದರೆ ಸೊನ್ನೆಯಂತೂ ಅಲ್ಲ.

ಭೂಕಂಪ, ಪ್ರವಾಹ, ಸಿಡಿಲಿನಂಥ ಪ್ರಕೃತಿ ವಿಕೋಪದ ನಷ್ಟಕ್ಕೆ, ಗ್ರಾಹಕರದ್ದೇ ತಪ್ಪಿನಿಂದಾದ ನಷ್ಟಕ್ಕೆ ಬ್ಯಾಂಕ್ ಹೊಣೆಯಲ್ಲ. ಲಾಕರ್ ಒಳಗೇನಿದೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಒಡವೆಯ ಫೋಟೊ, ಬಿಲ್ಲು ನಿಮ್ಮ ಹತ್ತಿರವೇ ಇರಲಿ.