ಅಲರ್ಟ್ ಬರೆಯುವವರೇ, ಥ್ರೆಶೋಲ್ಡ್ ಬಿಟ್ಟು ಉಳಿದ ಖಾನೆಗಳನ್ನೂ ನೋಡಿ

ಸರ್ವರ್‌ಗಳ ಮೇಲೆ ಕಣ್ಣಿಡಲು ಬಳಸುವ ಗ್ರಫಾನಾದಲ್ಲಿ ಹೊಸ ಅಲರ್ಟ್ ರೂಲ್ (ಏನಾದರೂ ಕೆಟ್ಟರೆ ಎಚ್ಚರಿಸುವ ನಿಯಮ) ಬರೆಯುವಾಗ ಚರ್ಚೆಯೆಲ್ಲ ಒಂದೇ ಸಂಖ್ಯೆಯ ಸುತ್ತ ನಡೆಯುತ್ತದೆ: ಥ್ರೆಶೋಲ್ಡ್, ಅಂದರೆ ಯಾವ ಮಿತಿ ದಾಟಿದರೆ ಅಲರ್ಟ್ ಏಳಬೇಕು ಎಂಬುದು. ಸಿಪಿಯು ಬಳಕೆ 80 ಪರ್ಸೆಂಟ್ ಇರಲೋ, 90 ಇರಲೋ? ಅದು ತೀರ್ಮಾನವಾದ ಮೇಲೆ ಉಳಿದ ಖಾನೆಗಳನ್ನು ಇದ್ದ ಹಾಗೇ ಬಿಟ್ಟು ಸೇವ್ ಒತ್ತುತ್ತಾರೆ. ರಾತ್ರಿ ಸುಮ್ಮಸುಮ್ಮನೆ ಫೋನ್ ಬಡಿದುಕೊಳ್ಳುವುದಕ್ಕೂ, ಬಡಿದುಕೊಳ್ಳಲೇಬೇಕಾದಾಗ ತೆಪ್ಪಗಿರುವುದಕ್ಕೂ ಕಾರಣ ಬಹುತೇಕ ಆ ಉಳಿದ ಖಾನೆಗಳಲ್ಲೇ ಇರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು, ಯಾವುದಕ್ಕೆ ಅಲರ್ಟ್ ಬೇಕು ಎಂಬುದು. ಸಿಪಿಯು 95 ಮುಟ್ಟಿದ್ದರೂ ಬಳಕೆದಾರರಿಗೆ ಪುಟ ಸರಾಗವಾಗಿ ತೆರೆಯುತ್ತಿದ್ದರೆ ಯಾರನ್ನೂ ನಿದ್ದೆಯಿಂದ ಎಬ್ಬಿಸಬೇಕಿಲ್ಲ. ರಿಕ್ವೆಸ್ಟ್‌ಗಳು ಫೇಲ್ ಆಗುತ್ತಿದ್ದರೆ, ಉತ್ತರ ತಡವಾಗುತ್ತಿದ್ದರೆ, ಡಿಸ್ಕ್ ಬೆಳಗಾಗುವುದರೊಳಗೆ ತುಂಬುವಂತಿದ್ದರೆ ಎಬ್ಬಿಸಿ. ಡಿಸ್ಕ್‌ಗೆ ಬರೀ 90 ಪರ್ಸೆಂಟ್ ಎಂದು ಹಾಕುವುದೂ ಸಾಲದು. 10 ಟಿಬಿ ಡಿಸ್ಕ್‌ನಲ್ಲಿ 90 ಪರ್ಸೆಂಟ್ ತುಂಬಿದರೂ ಇನ್ನೂ 1 ಟಿಬಿ ಖಾಲಿ ಇರುತ್ತದೆ. ಸರ್ವರ್‌ಗಳ ಅಂಕಿಗಳನ್ನು ಕೂಡಿಡುವ ಪ್ರೊಮೀಥಿಯಸ್‌ನಲ್ಲಿ, ಈವರೆಗಿನ ಓಟ ನೋಡಿ ಮುಂದಿನದನ್ನು ಅಂದಾಜಿಸುವ ಪ್ರೆಡಿಕ್ಟ್ ಲೀನಿಯರ್ ಫಂಕ್ಷನ್‌ಗೆ ಹಿಂದಿನ 6 ಗಂಟೆಯ ಡೇಟಾ ಕೊಟ್ಟು, ಮುಂದಿನ 24 ಗಂಟೆಯಲ್ಲಿ ಖಾಲಿ ಜಾಗ ಸೊನ್ನೆಗಿಂತ ಕೆಳಗೆ ಹೋಗುತ್ತದೆಯೇ ಎಂದು ಕೇಳಿ. ಜೊತೆಗೆ ‘ಈಗ ಉಳಿದಿರುವುದು 20 ಪರ್ಸೆಂಟ್‌ಗಿಂತ ಕಡಿಮೆ’ ಎಂಬ ಷರತ್ತನ್ನೂ ಸೇರಿಸಿ. ಇಲ್ಲದಿದ್ದರೆ ಲಾಗ್ ಫೈಲ್‌ಗಳು ಬೆಳೆದು, ರೊಟೇಟ್ ಆಗಿ (ಹಳೆಯವು ಅಳಿಸಿ) ಇಳಿಯುವ ಸರ್ವರ್‌ಗಳಲ್ಲಿ ಈ ಲೆಕ್ಕ ಪದೇ ಪದೇ ಸುಳ್ಳು ಹೇಳುತ್ತದೆ.

ಈಗ ಕ್ವೆರಿ, ಅಂದರೆ ಪ್ರೊಮೀಥಿಯಸ್‌ಗೆ ಕೇಳುವ ಪ್ರಶ್ನೆ. ಡ್ಯಾಶ್‌ಬೋರ್ಡ್ ಪ್ಯಾನೆಲ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಕ್ವೆರಿಯನ್ನೇ ತಂದು ಅಂಟಿಸುವವರು ಗಮನಿಸಿ: ಡ್ಯಾಶ್‌ಬೋರ್ಡ್‌ನ ವೇರಿಯಬಲ್‌ಗಳು (ನಿಜವಾದ ಹೆಸರಿನ ಜಾಗದಲ್ಲಿ ಇಡುವ ಬದಲಿ ಪದಗಳು) ಅಲರ್ಟ್ ರೂಲ್‌ನಲ್ಲಿ ನಡೆಯುವುದಿಲ್ಲ, ನಿಜವಾದ ಹೆಸರನ್ನೇ ಬರೆಯಬೇಕು. ಅಂಕಿ ಸೆಕೆಂಡಿಗೆ ಎಷ್ಟು ಏರುತ್ತಿದೆ ಎಂದು ಹೇಳುವ ರೇಟ್ ಫಂಕ್ಷನ್‌ಗೆ ಕನಿಷ್ಠ ಎರಡು ಸ್ಯಾಂಪಲ್ ಬೇಕು. ಸ್ಕ್ರೇಪ್ (ಪ್ರೊಮೀಥಿಯಸ್ ಅಂಕಿ ಎತ್ತಿಕೊಳ್ಳುವುದು) ನಿಮಿಷಕ್ಕೊಮ್ಮೆ ಆಗುತ್ತಿರುವಾಗ, ಲೆಕ್ಕಕ್ಕೆ ಹಿಡಿಯುವ ಅವಧಿಯಾದ ವಿಂಡೋವನ್ನೂ 1 ನಿಮಿಷ ಇಟ್ಟರೆ ಉತ್ತರ ಖಾಲಿ ಬರುತ್ತದೆ. ಸ್ಕ್ರೇಪ್ ಅಂತರದ ನಾಲ್ಕು ಪಟ್ಟಾದರೂ ವಿಂಡೋ ಇರಲಿ: 15 ಸೆಕೆಂಡಿಗೆ 1 ನಿಮಿಷ, 1 ನಿಮಿಷಕ್ಕೆ 4–5 ನಿಮಿಷ. ಎರರ್‌ಗಳ ಸಂಖ್ಯೆಗಿಂತ ಒಟ್ಟು ರಿಕ್ವೆಸ್ಟ್‌ನಲ್ಲಿ ಎರರ್‌ಗಳ ಪಾಲು ನೋಡುವುದು ಮೇಲು. ಆದರೆ ನಡುರಾತ್ರಿ ಎರಡೇ ರಿಕ್ವೆಸ್ಟ್ ಬಂದು ಒಂದು ಫೇಲ್ ಆದರೆ ಅದೂ 50 ಪರ್ಸೆಂಟೇ. ಆದ್ದರಿಂದ ಕನಿಷ್ಠ ಟ್ರಾಫಿಕ್ ಇಷ್ಟಿರಬೇಕು ಎಂಬ ಷರತ್ತು ಪಕ್ಕದಲ್ಲೇ ಬೇಕು.

ಹೆಚ್ಚು ಕಾಟ ಕೊಡುವುದು ‘ನೋ ಡೇಟಾ’ ಖಾನೆ, ಅಂದರೆ ಕ್ವೆರಿಗೆ ಉತ್ತರವೇ ಬರದಿದ್ದರೆ ಏನು ಮಾಡಬೇಕು ಎಂಬುದು. ಅದರಲ್ಲಿ ನಾಲ್ಕು ಆಯ್ಕೆಗಳಿವೆ: ನೋ ಡೇಟಾ, ಅಲರ್ಟಿಂಗ್, ನಾರ್ಮಲ್, ಕೀಪ್ ಲಾಸ್ಟ್ ಸ್ಟೇಟ್. ಏನೂ ಮುಟ್ಟದಿದ್ದರೆ ಮೊದಲನೆಯದೇ ಉಳಿದು, ‘ಡೇಟಾಸೋರ್ಸ್ ನೋ ಡೇಟಾ’ ಎಂಬ ಬೇರೆಯೇ ಹೆಸರಿನ ಅಲರ್ಟ್ ಬರುತ್ತದೆ. ಹಲವು ಅಪ್ಲಿಕೇಶನ್‌ಗಳಲ್ಲಿ 500 ಎರರ್‌ನ (ಸರ್ವರ್ ಕಡೆಯ ತಪ್ಪು) ಸೀರೀಸ್, ಅಂದರೆ ಅಂಕಿಗಳ ಸಾಲು, ಹುಟ್ಟುವುದೇ ಮೊದಲ 500 ಬಂದ ಮೇಲೆ. ಅಲ್ಲಿಯವರೆಗೆ ಎಲ್ಲ ಸರಿಯಿದ್ದರೂ ಕ್ವೆರಿ ಖಾಲಿ. ಕ್ವೆರಿಯ ಒಳಗೇ ‘0.05ಕ್ಕಿಂತ ಹೆಚ್ಚು’ ಎಂದು ಬರೆದರೂ ಇದೇ ಗತಿ, ಏಕೆಂದರೆ ಮಿತಿ ದಾಟದ ಸೀರೀಸ್‌ಗಳನ್ನು ಪ್ರೊಮೀಥಿಯಸ್ ಸೋಸಿ ಬಿಸಾಡುತ್ತದೆ. ಹೋಲಿಕೆಯನ್ನು ಗ್ರಫಾನಾದ ಥ್ರೆಶೋಲ್ಡ್ ಎಕ್ಸ್‌ಪ್ರೆಶನ್‌ಗೆ ಬಿಡಿ, ಎರರ್ ರೂಲ್‌ಗೆ ನೋ ಡೇಟಾ ಬಂದರೆ ನಾರ್ಮಲ್ ಎಂದಿಡಿ. ಹಾಗಾದರೆ ಸರ್ವರ್ರೇ ಸತ್ತುಹೋದರೆ? ಅದಕ್ಕೆ, ಸರ್ವರ್ ಉತ್ತರಿಸುತ್ತಿದ್ದರೆ 1, ಇಲ್ಲದಿದ್ದರೆ ಸೊನ್ನೆ ತೋರಿಸುವ ‘ಅಪ್’ ಮೆಟ್ರಿಕ್ ಸೊನ್ನೆಯಾದರೆ ಕೂಗುವ ಬೇರೊಂದು ರೂಲ್ ಬರೆದು, ಅದರಲ್ಲಿ ಮಾತ್ರ ನೋ ಡೇಟಾವನ್ನು ಅಲರ್ಟಿಂಗ್ ಎಂದಿಡಿ. ಎರಡು ಕೆಲಸವನ್ನು ಒಂದೇ ರೂಲ್‌ಗೆ ಹೊರಿಸಿದರೆ ಎರಡೂ ಕೆಡುತ್ತವೆ.

ಪೆಂಡಿಂಗ್ ಪೀರಿಯಡ್ (ಮಿತಿ ದಾಟಿದ ಸ್ಥಿತಿ ಎಷ್ಟು ಹೊತ್ತು ಉಳಿದರೆ ಅಲರ್ಟ್ ಹೋಗಬೇಕು ಎಂಬ ಅವಧಿ) ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಅಲರ್ಟ್ ಜಾಸ್ತಿಯಾಯಿತೆಂದು ಅದನ್ನು 5ರಿಂದ 15 ನಿಮಿಷಕ್ಕೆ ಎಳೆಯುತ್ತಾರೆ. ನಡುವೆ ಒಂದೇ ಒಂದು ಪರಿಶೀಲನೆಯಲ್ಲಿ ಮೆಟ್ರಿಕ್‌ನ ಬೆಲೆ (ಆ ಹೊತ್ತಿನ ಅಂಕಿ) ಸರಿಯಿದ್ದರೂ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನಾಲ್ಕು ನಿಮಿಷ ಕೆಟ್ಟು ಒಂದು ನಿಮಿಷ ಸರಿಹೋಗುವ ಸರ್ವಿಸ್ ದಿನವಿಡೀ ಹಾಗೇ ಒದ್ದಾಡಿದರೂ ಆ ರೂಲ್ ಬಾಯಿ ಬಿಡುವುದಿಲ್ಲ. ಏರಿಳಿತ ತಗ್ಗಿಸಬೇಕಾದರೆ ಕ್ವೆರಿಯ ವಿಂಡೋ ಹಿಗ್ಗಿಸಿ, ಪೆಂಡಿಂಗ್ ಚಿಕ್ಕದಿರಲಿ. ಬಂದು ಹೋಗಿ ಮಾಡುವ ಅಲರ್ಟ್‌ಗೆ ರಿಕವರಿ ಥ್ರೆಶೋಲ್ಡ್ ಬೇರೆ ಕೊಡಿ: 90ಕ್ಕೆ ಏಳಲಿ, 80ಕ್ಕೆ ಇಳಿದಾಗ ಮಾತ್ರ ಮಲಗಲಿ.

ತಡವನ್ನೂ ಒಮ್ಮೆ ಕೂಡಿಸಿ ನೋಡಿ. ಸ್ಕ್ರೇಪ್ 1 ನಿಮಿಷ, ಪರಿಶೀಲನೆ 1 ನಿಮಿಷ, ಪೆಂಡಿಂಗ್ 5 ನಿಮಿಷ, ಗ್ರೂಪ್ ವೇಟ್ (ಒಂದೇ ಗುಂಪಿನ ಅಲರ್ಟ್‌ಗಳನ್ನು ಸೇರಿಸಿ ಕಳುಹಿಸಲು ಕಾಯುವುದು) 30 ಸೆಕೆಂಡ್: ಫೋನ್ ಬಡಿಯುವ ಹೊತ್ತಿಗೆ ಏಳೂವರೆ ನಿಮಿಷದವರೆಗೆ ಕಳೆದಿರುತ್ತದೆ. ಸರ್ವಿಸ್ 99.9 ಪರ್ಸೆಂಟ್ ಹೊತ್ತು ಸರಿಯಿರಬೇಕೆಂಬ ಗುರಿ ಇಟ್ಟುಕೊಂಡವರಿಗೆ ಕೆಡಲು 30 ದಿನಕ್ಕೆ ಸಿಗುವ ಬಜೆಟ್ಟೇ 43.2 ನಿಮಿಷ. ಸರ್ವಿಸ್ ಪೂರ್ತಿ ಬಿದ್ದಿದ್ದರೆ ಅದರಲ್ಲಿ ಆರನೇ ಒಂದು ಭಾಗ ಯಾರೂ ಏಳುವ ಮುಂಚೆಯೇ ಹೋಯಿತು. ಇಂಥವರಿಗೆ ಗೂಗಲ್‌ನ ಎಸ್‌ಆರ್‌ಇ (ಸೇವೆಗಳು ಕೆಡದಂತೆ ನೋಡಿಕೊಳ್ಳುವ) ತಂಡದವರು ಬರೆದಿಟ್ಟ ಬರ್ನ್ ರೇಟ್ ಲೆಕ್ಕ, ಅಂದರೆ ಈ ಬಜೆಟ್ ಎಷ್ಟು ವೇಗದಲ್ಲಿ ಕರಗುತ್ತಿದೆ ಎಂಬ ಲೆಕ್ಕ, ಚೆನ್ನಾಗಿ ಹೊಂದುತ್ತದೆ. ಕಳೆದ 1 ಗಂಟೆಯಲ್ಲೂ ಕಳೆದ 5 ನಿಮಿಷದಲ್ಲೂ ಎರರ್ ಪಾಲು 1.44 ಪರ್ಸೆಂಟ್, ಅಂದರೆ 0.1 ಪರ್ಸೆಂಟ್ ಮಿತಿಯ 14.4 ಪಟ್ಟು, ದಾಟಿದ್ದರೆ ಎಬ್ಬಿಸಿ. ಆ ವೇಗದಲ್ಲಿ ಒಂದು ಗಂಟೆಗೆ ತಿಂಗಳ ಬಜೆಟ್ಟಿನ 2 ಪರ್ಸೆಂಟ್ ಕರಗುತ್ತದೆ. 5 ನಿಮಿಷದ ಷರತ್ತು ಇರುವುದರಿಂದ ತೊಂದರೆ ನಿಂತ ಸ್ವಲ್ಪ ಹೊತ್ತಿಗೇ ಅಲರ್ಟ್ ಕೂಡ ನಿಲ್ಲುತ್ತದೆ. ಮೂರು ದಿನ ಮಿತಿಯ ಒಂದು ಪಟ್ಟಿನಲ್ಲೇ ನಿಧಾನವಾಗಿ ಸೋರುತ್ತಿದ್ದರೆ ಟಿಕೆಟ್ ಸಾಕು, ಆಫೀಸ್ ಹೊತ್ತಿನಲ್ಲಿ ನೋಡಬಹುದು.

ಅಲರ್ಟ್‌ಗೆ ಅಂಟಿಸುವ ಲೇಬಲ್‌ಗಳಲ್ಲಿ ಸೆವೆರಿಟಿ (ಎಷ್ಟು ಗಂಭೀರ), ತಂಡ, ಸರ್ವಿಸ್ ಇರಲಿ. ಅಲ್ಲಿ ಮೆಟ್ರಿಕ್‌ನ ಬೆಲೆಯನ್ನು ಮಾತ್ರ ಹಾಕಬೇಡಿ. ಬೆಲೆ 91ರಿಂದ 92 ಆದ ಕೂಡಲೇ ಲೇಬಲ್ ಬದಲಾಗಿ, ಗ್ರಫಾನಾ ಅದನ್ನು ಹೊಸ ಅಲರ್ಟ್ ಎಂದೇ ಎಣಿಸುತ್ತದೆ, ಪೆಂಡಿಂಗ್ ಮತ್ತೆ ಮೊದಲಿನಿಂದ. ಬೆಲೆಯ ಜಾಗ ಆನೊಟೇಶನ್ (ಅಲರ್ಟ್ ಜೊತೆ ಹೋಗುವ ವಿವರಣೆ), ರನ್‌ಬುಕ್‌ನ (ಏನು ಮಾಡಬೇಕೆಂಬ ಸೂಚನೆಗಳ) ಲಿಂಕ್ ಕೂಡ ಅಲ್ಲೇ. ಅರೆನಿದ್ದೆಯಲ್ಲಿ ಎದ್ದವರಿಗೆ ಮೊದಲು ಏನು ನೋಡಬೇಕೆಂದು ಹೇಳದ ಅಲರ್ಟ್ ಅರ್ಧ ಬರೆದ ಅಲರ್ಟ್.

ಮ್ಯೂಟ್ ಟೈಮಿಂಗ್ (ಅಲರ್ಟ್ ಸುಮ್ಮನಿರಬೇಕಾದ ಹೊತ್ತು) ಬಗ್ಗೆ ನಮ್ಮ ಕಡೆಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ಟೈಮ್‌ಝೋನ್ ಆರಿಸದಿದ್ದರೆ ಅದು ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ. ರಾತ್ರಿ 1ರಿಂದ 3ರ ಮೇಂಟೆನೆನ್ಸ್‌ಗೆಂದು ಇಟ್ಟದ್ದು ಭಾರತದಲ್ಲಿ ಬೆಳಿಗ್ಗೆ 6:30ರಿಂದ 8:30ರವರೆಗೆ ಬಾಯಿ ಮುಚ್ಚಿಸುತ್ತದೆ. ಕೆಲಸ ನಡೆಯುವ ರಾತ್ರಿಯಲ್ಲಿ ಫೋನ್ ಬಡಿಯುತ್ತಲೇ ಇರುತ್ತದೆ.

ಕಾಂಟ್ಯಾಕ್ಟ್ ಪಾಯಿಂಟ್‌ನ (ಅಲರ್ಟ್ ಹೋಗಿ ಮುಟ್ಟುವ ಜಾಗ) ಟೆಸ್ಟ್ ಬಟನ್ ನೋಡುವುದು ಆ ಚಾನೆಲ್‌ಗೆ ಸಂದೇಶ ಮುಟ್ಟುತ್ತದೆಯೇ ಎಂಬುದನ್ನಷ್ಟೇ. ನಿಮ್ಮ ರೂಲ್‌ನ ಲೇಬಲ್ ಯಾವ ನೋಟಿಫಿಕೇಶನ್ ಪಾಲಿಸಿಗೆ (ಯಾವ ಅಲರ್ಟ್ ಎಲ್ಲಿಗೆ ಹೋಗಬೇಕೆಂಬ ನಿಯಮ) ಹೊಂದಿಕೊಳ್ಳುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಯಾವುದಕ್ಕೂ ಹೊಂದದಿದ್ದರೆ ಅಲರ್ಟ್ ಡೀಫಾಲ್ಟ್ ಪಾಲಿಸಿಗೆ ಬೀಳುತ್ತದೆ, ಅಲ್ಲಿ ಎಷ್ಟೋ ಕಡೆ ಮಾದರಿಗೆಂದು ಕೊಟ್ಟ ಇಮೇಲ್ ವಿಳಾಸವೇ ಇನ್ನೂ ಕೂತಿರುತ್ತದೆ. ಥ್ರೆಶೋಲ್ಡನ್ನು ತಾತ್ಕಾಲಿಕವಾಗಿ ಇಳಿಸಿ, ಅಲರ್ಟ್ ಆನ್‌ಕಾಲ್ (ಸರದಿಯಲ್ಲಿರುವವರ) ಫೋನ್‌ವರೆಗೆ ತಲುಪಿದ್ದನ್ನು ಕಣ್ಣಾರೆ ನೋಡಿ.

ಕೊನೆಯದಾಗಿ ವಾಚ್‌ಡಾಗ್: ಯಾವಾಗಲೂ ಫೈರ್ ಆಗುತ್ತಲೇ ಇರುವ ಒಂದು ರೂಲ್. ಅದರ ಸಂದೇಶ ನಿಮ್ಮ ಸರ್ವರ್‌ಗಳ ಹೊರಗಿರುವ ಹಾರ್ಟ್‌ಬೀಟ್ ಸೇವೆಗೆ ಹೋಗಲಿ, ಸಂದೇಶ ನಿಂತರೆ ಆ ಸೇವೆ ನಿಮ್ಮನ್ನು ಎಬ್ಬಿಸಲಿ. ಗ್ರಫಾನಾ ಅಥವಾ ಪ್ರೊಮೀಥಿಯಸ್ಸೇ ಬಿದ್ದಾಗ ತಿಳಿಯಲು ಇದನ್ನೇ ನಂಬಬೇಕು. ರಿಪೀಟ್ ಇಂಟರ್ವಲ್ (ಅದೇ ಅಲರ್ಟನ್ನು ಮತ್ತೆ ಕಳುಹಿಸುವ ಅಂತರ) ಡೀಫಾಲ್ಟ್ ಆಗಿ 4 ಗಂಟೆ ಇರುತ್ತದೆ, ಹಾಗೇ ಬಿಟ್ಟರೆ ಹೊರಗಿನ ಸೇವೆ ಎಲ್ಲ ಸತ್ತಿದೆ ಎಂದುಕೊಳ್ಳುತ್ತದೆ. ವಾಚ್‌ಡಾಗ್‌ಗೆ ಪ್ರತ್ಯೇಕ ಪಾಲಿಸಿ ಮಾಡಿ, ಗ್ರೂಪ್ ಇಂಟರ್ವಲ್ (ಒಂದೇ ಗುಂಪಿನ ಸಂದೇಶಗಳ ನಡುವಿನ ಅಂತರ) 1 ನಿಮಿಷ, ರಿಪೀಟ್ 5 ನಿಮಿಷ ಇಡಿ. ಹೊರಗಿನ ಸೇವೆ 15 ನಿಮಿಷ ಕಾದು ಫೋನ್ ಮಾಡಲಿ.