ನಿದ್ದೆಯಲ್ಲಿ ಫಿಟ್ಸ್: ಕೈಗೆ ಸೆನ್ಸರ್ ಪಟ್ಟಿ ಕಟ್ಟಬೇಕಾ?

ಪರ: ಯಾರಿಗಾದರೂ ಗೊತ್ತಾಗಬೇಕಲ್ಲ

ಹಗಲು ಫಿಟ್ಸ್ ಬಂದರೆ ನಾಲ್ಕು ಜನ ನೋಡುತ್ತಾರೆ. ರಾತ್ರಿ ಬಂದದ್ದು ಗೊತ್ತಾಗುವುದು ಬೆಳಿಗ್ಗೆ. ನಾಲಿಗೆ ಕಚ್ಚಿಕೊಂಡಿರುತ್ತದೆ, ಹಾಸಿಗೆ ಒದ್ದೆ, ಮೈಕೈ ನೋವು. ಕೆಲವು ಸಲ ಅದೂ ಇರುವುದಿಲ್ಲ. "ತಿಂಗಳಲ್ಲಿ ಎಷ್ಟು ಸಲ ಬಂತು?" ಎಂದು ಡಾಕ್ಟರು ಕೇಳಿದರೆ ಅಂದಾಜಿನ ಮೇಲೆ ಹೇಳಬೇಕು. ಮಾತ್ರೆಯ ಡೋಸ್ ಕೂಡ ಆ ಅಂದಾಜಿನ ಮೇಲೇ.

ಲೆಕ್ಕ ತಪ್ಪುವುದಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ಮೂರ್ಛೆರೋಗ ಇರುವ ದೊಡ್ಡವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು ಒಬ್ಬರು, ಬೇರೆ ಯಾವ ಕಾರಣವೂ ಕಾಣದೆ, ದಿಢೀರನೆ ಸಾಯುತ್ತಾರೆ. ಸುಡೆಪ್ ಎನ್ನುವುದು ಇದನ್ನೇ. ಹೆಚ್ಚಿನವರು ಸಾಯುವುದು ರಾತ್ರಿ, ಬೋರಲು ಮಲಗಿದಾಗ. ಆಸ್ಪತ್ರೆಯಲ್ಲಿ ಮಾನಿಟರ್ ಹಾಕಿದ್ದಾಗಲೇ ಹೀಗೆ ಸತ್ತವರ ದಾಖಲೆಗಳನ್ನು ಮಾರ್ಟೆಮಸ್ ಅಧ್ಯಯನ 2013ರಲ್ಲಿ ಬಿಡಿಸಿಟ್ಟಿತು. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ಮುಗಿದ ಮೇಲೆ ಮೊದಲು ಉಸಿರು ನಿಂತಿತ್ತು, ಆಮೇಲೆ ಹೃದಯ. ನಡುವೆ ಸಿಗುವುದು ನಿಮಿಷಗಳು ಮಾತ್ರ. ಆ ಹೊತ್ತಿಗೆ ಪಕ್ಕಕ್ಕೆ ಹೊರಳಿಸಿ, ಅಲುಗಾಡಿಸಿ ಎಬ್ಬಿಸಲು ಒಬ್ಬರು ಬೇಕು.

ಪಟ್ಟಿಯ ಕೆಲಸ ಅಲಾರಂ ಹೊಡೆದು ಆ ಒಬ್ಬರನ್ನು ಕರೆಯುವುದು. ಮೊಬೈಲ್ ಅಡ್ಡ ಹಿಡಿದರೆ ಪರದೆ ತಿರುಗಿಸುವ ಆಕ್ಸೆಲೆರೋಮೀಟರ್, ಅಂದರೆ ಚಲನೆ ಅಳೆಯುವ ಸೆನ್ಸರ್, ಇದರಲ್ಲೂ ಇದೆ. ಮಗ್ಗುಲು ಬದಲಿಸಿದರೆ ಕೈ ಒಮ್ಮೆ ಆಡಿ ಸುಮ್ಮನಾಗುತ್ತದೆ. ಫಿಟ್ಸ್‌ನಲ್ಲಿ ಹಾಗಲ್ಲ. ಮೊದಲು ಬಿಗಿದು ಸಣ್ಣಗೆ ನಡುಗುತ್ತದೆ, ನಂತರ ತಾಳ ಹಾಕಿದಂತೆ ಬಡಿದುಕೊಳ್ಳುತ್ತದೆ, ಬರಬರುತ್ತ ಆ ತಾಳ ನಿಧಾನವಾಗುತ್ತದೆ. ಈ ಗುರುತನ್ನೇ ಯಂತ್ರ ಹುಡುಕುವುದು. 2018ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಎಂಬ್ರೇಸ್ ಪಟ್ಟಿ ಚರ್ಮದ ಬೆವರನ್ನೂ ಅಳೆಯುತ್ತದೆ. ನೆದರ್‌ಲ್ಯಾಂಡ್ಸ್‌ನ ನೈಟ್‌ವಾಚ್ ತೋಳುಪಟ್ಟಿ ಚಲನೆಯ ಜೊತೆ ಎದೆಬಡಿತ ನೋಡುತ್ತದೆ. ಅದೇ ವರ್ಷದ ಪರೀಕ್ಷೆಯಲ್ಲಿ ಅದು ದೊಡ್ಡ ಫಿಟ್ಸ್‌ಗಳಲ್ಲಿ ಶೇ 86ರಷ್ಟು ಹಿಡಿಯಿತು. ಹಾಸಿಗೆಯ ಕೆಳಗಿಟ್ಟ ಸೆನ್ಸರ್ ಹಿಡಿದದ್ದು ಶೇ 21 ಮಾತ್ರ. ಒಂಟಿಯಾಗಿ ಮಲಗುವವರಿಗೆ ಇದಕ್ಕಿಂತ ಒಳ್ಳೆಯ ಕಾವಲು ಸದ್ಯಕ್ಕೆ ಏನಿದೆ?

ವಿರೋಧ: ಅಲಾರಂ ಹೊಡೆಯುತ್ತೆ, ಆಮೇಲೆ?

ಅದೇ ಪರೀಕ್ಷೆಯ ಇನ್ನೊಂದು ಅಂಕಿ ನೋಡಿ. ಹೊಡೆದ ಅಲಾರಂಗಳಲ್ಲಿ ನಿಜವಾದದ್ದು ಹೆಚ್ಚುಕಡಿಮೆ ಅರ್ಧ. ಅದೂ ಆರೈಕೆ ಕೇಂದ್ರಗಳಲ್ಲಿ. ಮನೆಯಲ್ಲಿ ಓಡಿ ಬರುವವಳು ಬೆಳಿಗ್ಗೆ ಐದಕ್ಕೆ ಏಳಬೇಕಾದ ಅಮ್ಮ. ಸುಳ್ಳು ಅಲಾರಂ ಜಾಸ್ತಿಯಾದರೆ ಅವಳು ಒಂದು ದಿನ ಆಫ್ ಮಾಡಿಯೇ ಮಲಗುತ್ತಾಳೆ.

ನಮ್ಮ ಎಷ್ಟೋ ಮನೆಗಳಲ್ಲಿ ಫಿಟ್ಸ್ ಇರುವ ಮಗುವಿನ ಪಕ್ಕ ಯಾರಾದರೂ ಮಲಗಿರುತ್ತಾರೆ. ಪಟ್ಟಿ ನಿಜಕ್ಕೂ ಬೇಕಿರುವುದು ಬೆಂಗಳೂರಿನ ಪಿಜಿ ರೂಮಿನಲ್ಲಿ ಒಬ್ಬಳೇ ಇರುವ ಹುಡುಗಿಗೆ. ಅಲಾರಂ ಹೋಗುವುದು ಹಾಸನದ ಅಪ್ಪನ ಫೋನಿಗೆ. ಅಪ್ಪ ಅಲ್ಲಿಂದ ಏನು ಮಾಡಬೇಕು? ಪಕ್ಕದ ರೂಮಿನವರ ನಂಬರ್ ಇಟ್ಟುಕೊಳ್ಳಬಹುದು ಅನ್ನಿ. ಆದರೆ ಅದಕ್ಕೆ ವಿಷಯ ಅವರಿಗೆ ಹೇಳಿರಬೇಕು. 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ, ಮದುವೆಗೆ ಅಡ್ಡಿ ಎಂದಿದ್ದ ಮೂರ್ಛೆರೋಗದ ಉಲ್ಲೇಖ ತೆಗೆದಿದ್ದಾರೆ. ಸಂಬಂಧ ಹುಡುಕುವ ಮನೆಗಳಲ್ಲಿ ಇನ್ನೂ ತೆಗೆದಿಲ್ಲ. ಹೀಗಿರುವಾಗ ಕೈಗೆ ಪಟ್ಟಿ ಕಟ್ಟಿಕೊಂಡು ಓಡಾಡಲು ಯಾರು ಒಪ್ಪುತ್ತಾರೆ?

ಇನ್ನು ಎಲ್ಲ ಫಿಟ್ಸ್‌ನಲ್ಲೂ ಕೈ ಬಡಿದುಕೊಳ್ಳುವುದಿಲ್ಲ. ಸುಮ್ನೆ ದಿಟ್ಟಿಸುತ್ತ ಕಳೆದುಹೋಗುವ ಫಿಟ್ಸ್ ಈ ಸೆನ್ಸರ್‌ಗೆ ಕಾಣುವುದೇ ಇಲ್ಲ. ಅಂತರರಾಷ್ಟ್ರೀಯ ಎಪಿಲೆಪ್ಸಿ ಲೀಗ್‌ನ 2021ರ ಮಾರ್ಗಸೂಚಿಯೂ ದೊಡ್ಡ ಫಿಟ್ಸ್‌ಗೆ ಮಾತ್ರ, ಅದೂ ಅಳೆದು ತೂಗಿ, ಇದನ್ನು ಸೂಚಿಸಿತು. ಪಟ್ಟಿ ಕಟ್ಟಿದ್ದರಿಂದ ಸಾವು ಕಡಿಮೆಯಾಯಿತು ಎನ್ನಲು ಗಟ್ಟಿ ಪುರಾವೆ ಇಲ್ಲ.

ಓಡಿ ಬಂದವರು ಏನು ಮಾಡುತ್ತಾರೆ ಎಂಬುದೂ ಇದೆ. ಕೈಗೆ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇಂದಿಗೂ ನಡೆಯುತ್ತದೆ. ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನೂ ಹಾಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಇದನ್ನು ಕಲಿಸಲು ಬ್ಯಾಟರಿ ಬೇಕಿಲ್ಲ. ಎಷ್ಟೋ ಜನರಿಗೆ ಫಿಟ್ಸ್ ಮರುಕಳಿಸುವುದು ಮಾತ್ರೆ ತಪ್ಪಿದ್ದಕ್ಕೆ, ನಿದ್ದೆ ಕೆಟ್ಟಿದ್ದಕ್ಕೆ. ಪಟ್ಟಿಗೆ ದುಡ್ಡು ಹೊಂದಿಸುವ ಮೊದಲು, ಮನೆಯಲ್ಲಿ ಮುಂದಿನ ತಿಂಗಳ ಮಾತ್ರೆ ಇದೆಯಾ ನೋಡಿ.